ನೋಡುವವರಿಗೆ ಮುಖವಿಲ್ಲದ ಚಿತ್ರ

(ಪುಣೆಯಲ್ಲಿ ಕನ್ನಡಿಗ ಸಿನಿಮಾಸಕ್ತರ ತಿಂಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಹಿಂದಿನ ವಾರ ಇದೇ ಕೂಟದಲ್ಲಿ ‘ಅನ್‌ಟ್ರೇಸಬಲ್’ ಚಿತ್ರದ ಪ್ರದರ್ಶನವಿತ್ತು.)

ಚೆನ್ನಾಗಿಲ್ಲದ ಚಿತ್ರದ ಬಗ್ಗೆ ಒಂದು ಗಂಟೆ ಮಾತನಾಡುವುದೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಬರೀ ಕೆಟ್ಟ ಚಿತ್ರವಾಗಿದ್ದರೆ ನಾನೂ ಒಪ್ಪುತ್ತಿರಲಿಲ್ಲ. ಕೆಟ್ಟ ಚಿತ್ರವನ್ನು ಮರೆತುಬಿಡಬಹುದು. ಇದು ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋದ ಚಿತ್ರ. ಕಳೆದ ವಾರ ಮನೆಗೆ ಹೋದ ಮೇಲೆ ನನಗೆ ಸಿಟ್ಟು ಬಂದದ್ದು ಅದಕ್ಕೇ. ಒಳ್ಳೆಯ ವಸ್ತು ಹಾಳಾದಾಗ ಬರುವ ಸಿಟ್ಟು ಅದು.

ಕಳೆದ ವಾರ ಬಾರದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 2008ರ ಜನವರಿಯಲ್ಲಿ ಬಿಡುಗಡೆಯಾದ ಅಮೆರಿಕದ ಚಿತ್ರ, ನಿರ್ದೇಶಕ ಗ್ರೆಗರಿ ಹಾಬ್ಲಿಟ್. ಮಳೆ ಬಿಡದ ಪೋರ್ಟ್‌ಲ್ಯಾಂಡ್ ನಗರ. ಡಯೇನ್ ಲೇನ್ ಅಭಿನಯಿಸಿರುವ ಜೆನಿಫರ್ ಮಾರ್ಷ್ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಸೈಬರ್ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವವಳು, ಗಂಡನನ್ನು ಕಳೆದುಕೊಂಡವಳು, ತಾಯಿ ಮತ್ತು ಮಗಳ ಜೊತೆ ಇರುವವಳು. ಒಂದು ಜಾಲತಾಣ ಅವಳ ಕಣ್ಣಿಗೆ ಬೀಳುತ್ತದೆ. ಅಲ್ಲಿ ಮೊದಲು ಒಂದು ಬೆಕ್ಕಿನ ಮರಿ ಸಾಯುವುದನ್ನು ನೇರಪ್ರಸಾರ ಮಾಡುತ್ತಾರೆ. ಆಮೇಲೆ ಮನುಷ್ಯರು. ನೋಡುಗರ ಸಂಖ್ಯೆ ಏರಿದಂತೆ ಕಟ್ಟಿಹಾಕಿದ ವ್ಯಕ್ತಿಯ ಸಾವು ಬೇಗ ಬೇಗ ಹತ್ತಿರವಾಗುವಂತೆ ಕೊಲೆಗಾರ ಯಂತ್ರಗಳನ್ನು ಜೋಡಿಸಿದ್ದಾನೆ. ಒಬ್ಬನ ಮೈಯಿಂದ ಹರಿಯುವ ರಕ್ತ ಹೆಪ್ಪುಗಟ್ಟದಂತೆ ಔಷಧಿ ಏರಿಸುತ್ತಾನೆ, ಇನ್ನೊಬ್ಬನ ಸುತ್ತ ದೀಪಗಳ ಶಾಖ ಹೆಚ್ಚಿಸುತ್ತಾನೆ. ಯಾರೂ ನೋಡದಿದ್ದರೆ ಯಾರೂ ಸಾಯುವುದಿಲ್ಲ.

ಈ ಕಲ್ಪನೆಯನ್ನು ಒಂದು ಕ್ಷಣ ಯೋಚಿಸಿ ನೋಡಿ. ಥ್ರಿಲ್ಲರ್ ಬರೆಯುವವನಿಗೆ ಇಂತಹ ಎಳೆ ಜೀವಮಾನದಲ್ಲಿ ಒಮ್ಮೆ ಸಿಕ್ಕಿದರೆ ಅದೃಷ್ಟ. ಕೊಲೆಗಾರ ಒಬ್ಬನೇ ಅಲ್ಲ, ನೋಡಲು ಬಂದ ಪ್ರತಿಯೊಬ್ಬನ ಬೆರಳೂ ಅದರಲ್ಲಿದೆ. ಚಿತ್ರದಲ್ಲಿ ಇದನ್ನು ಪೂರ್ತಿ ಅರ್ಥಮಾಡಿಕೊಂಡ ಒಂದೇ ಒಂದು ದೃಶ್ಯವಿದೆ, ಪತ್ರಿಕಾಗೋಷ್ಠಿಯ ದೃಶ್ಯ. ಆ ತಾಣಕ್ಕೆ ಯಾರೂ ಹೋಗಬೇಡಿ ಎಂದು ಸಾರ್ವಜನಿಕರನ್ನು ಕೇಳಿಕೊಳ್ಳಲು ಮೇಲಧಿಕಾರಿ ಹಟ ಹಿಡಿಯುತ್ತಾನೆ. ಬೇಡ, ಇದರಿಂದ ಅದಕ್ಕೆ ಪ್ರಚಾರವೇ ಸಿಗುತ್ತದೆ ಎಂಬುದು ಮಾರ್ಷ್‌ಳ ವಾದ. ಗೋಷ್ಠಿ ನಡೆಯುತ್ತದೆ, ನೋಡುಗರು ಪ್ರವಾಹದಂತೆ ನುಗ್ಗುತ್ತಾರೆ. ಇಲ್ಲಿ ಯಾರೂ ದುಷ್ಟರಲ್ಲ. ಅಧಿಕಾರಿ ಎಚ್ಚರಿಸುತ್ತಾನೆ, ವರದಿಗಾರ ವರದಿ ಮಾಡುತ್ತಾನೆ, ಮನೆಯಲ್ಲಿ ಕುಳಿತವನು ಏನದು ಎಂದು ಒಮ್ಮೆ ಇಣುಕುತ್ತಾನೆ. ಎಲ್ಲರೂ ಸೇರಿ ಒಂದು ಜೀವ ತೆಗೆಯುತ್ತಾರೆ.

ಅಲ್ಲಿಂದ ಮುಂದೆ ಚಿತ್ರಕ್ಕೆ ಏನಾಯಿತು? ಕ್ಯಾಮೆರಾ ಕೊಲೆಗಾರನ ನೆಲಮಾಳಿಗೆಗೆ ಇಳಿಯಿತು, ಮತ್ತೆ ಮೇಲೆ ಬರಲಿಲ್ಲ. ಮೂರನೆಯ ಬಲಿ ಮಾರ್ಷ್‌ಳ ಸಹೋದ್ಯೋಗಿ ಗ್ರಿಫಿನ್. ಅವನನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ನೋಡುಗರು ಹೆಚ್ಚಿದಂತೆ ನೀರಿಗೆ ಆಮ್ಲ ಬೆರೆಯುವಂತೆ ಮಾಡಿದ್ದಾನೆ. ಸಾಯುವ ಮುನ್ನ ಗ್ರಿಫಿನ್ ಕಣ್ಣು ಮಿಟುಕಿಸಿ ಮೋರ್ಸ್ ಸಂಕೇತದಲ್ಲಿ ಒಂದು ಸುಳಿವು ಕೊಡುತ್ತಾನೆ. ದೃಶ್ಯವೇನೋ ಬಲವಾಗಿದೆ. ಆದರೆ ನಿರ್ದೇಶಕರು ಅದರಲ್ಲಿ ನಮಗೆ ತೋರಿಸಿದ್ದೇನು? ಸುಟ್ಟು ಕೆಂಪಾಗುವ ಚರ್ಮ, ತೊಟ್ಟಿಯ ಗಾಜು, ಕೊಳವೆಗಳು, ಮತ್ತು ಪರದೆಯ ಮೂಲೆಯಲ್ಲಿ ಏರುತ್ತಿರುವ ಒಂದು ಅಂಕಿ. ಲಕ್ಷಾಂತರ ಜನ ನೋಡುತ್ತಿದ್ದಾರೆ ಎಂದು ಚಿತ್ರ ಪದೇ ಪದೇ ಹೇಳುತ್ತದೆ. ಅವರಲ್ಲಿ ಒಬ್ಬರ ಒಳಗನ್ನಾದರೂ ನಾವು ಕಂಡೆವೇ? ಅವರು ಒಂದು ಅಂಕಿ, ಬದಿಯಲ್ಲಿ ಓಡುವ ಕಾಮೆಂಟುಗಳು, ಅಷ್ಟೇ. ಊಟದ ತಟ್ಟೆ ಪಕ್ಕಕ್ಕಿಟ್ಟು ನೋಡಿದವನು, ನೋಡಬಾರದೆಂದು ಆ ಪುಟ ಮುಚ್ಚಿ ಎರಡು ನಿಮಿಷ ಬಿಟ್ಟು ಮತ್ತೆ ತೆರೆದವಳು, ಗೆಳೆಯನಿಗೆ ಕೊಂಡಿ ಕಳುಹಿಸಿದ ಹುಡುಗ, ಇವರೆಲ್ಲ ಎಲ್ಲಿ? ಕಥೆ ಇವರದು. ಇವರನ್ನೇ ಹೊರಗಿಟ್ಟರೆ ಉಳಿಯುವುದು ಸಾವಿನ ಯಂತ್ರಗಳ ಪ್ರದರ್ಶನ ಮಾತ್ರ, ಮತ್ತು ಅದಕ್ಕೆ ಟಿಕೆಟ್ ಕೊಂಡು ಬಂದ ನಾವು. ಜಾಲತಾಣದ ನೋಡುಗರ ಮೇಲೆ ಹೊರಿಸಿದ ಅಪರಾಧವನ್ನು ಚಿತ್ರ ತನ್ನ ಪ್ರೇಕ್ಷಕರಿಂದ ಮಾಡಿಸುತ್ತದೆ, ಮಾಡಿಸುತ್ತಿದ್ದೇನೆ ಎಂಬ ಅರಿವೂ ಅದಕ್ಕಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ನಮ್ಮದು ಪುಣೆ. ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ 1960ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿತು, 1964ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು. ಗಿರೀಶ ಕಾಸರವಳ್ಳಿ ಓದಿದ್ದು ಇಲ್ಲಿ, ಗಿರೀಶ ಕಾರ್ನಾಡರು ಆ ಸಂಸ್ಥೆಯ ನಿರ್ದೇಶಕರಾಗಿದ್ದದ್ದು ಇಲ್ಲಿ. ಕತ್ತಲಲ್ಲಿ ಅಪರಿಚಿತರ ಜೊತೆ ಕುಳಿತು ಚಿತ್ರ ನೋಡುವ ಅಭ್ಯಾಸ ಈ ಊರಿಗೆ ಚೆನ್ನಾಗಿದೆ. ಆ ಅಭ್ಯಾಸಕ್ಕೆ ಒಂದು ಗುಣವಿದೆ. ಸಭಾಂಗಣದಲ್ಲಿ ನಾನು ನೋಡುತ್ತಿದ್ದೇನೆ ಎಂಬುದು ಪಕ್ಕದವರಿಗೆ ಗೊತ್ತು. ಕಳೆದ ವಾರ ತೊಟ್ಟಿಯ ದೃಶ್ಯ ಬಂದಾಗ ಎರಡನೆಯ ಸಾಲಿನಲ್ಲಿ ಒಬ್ಬರು ಎದ್ದು ಹೊರಗೆ ಹೋದರು, ಇನ್ನಿಬ್ಬರು ಮುಖ ತಿರುಗಿಸಿದರು, ಯಾರೋ ‘ಸಾಕು’ ಎಂದರು. ಒಬ್ಬರ ಅಸಹನೆ ಇನ್ನೊಬ್ಬರಿಗೆ ದಾಟಿತು. ಮೊಬೈಲ್ ಹಿಡಿದು ಒಬ್ಬರೇ ನೋಡುವಾಗ ‘ಸಾಕು’ ಎನ್ನುವ ಪಕ್ಕದವರಿಲ್ಲ. ಚಿತ್ರ ಕೇಳಬೇಕಾಗಿದ್ದ ಪ್ರಶ್ನೆ ಇದೇ ಆಗಿತ್ತು.

ತಾಂತ್ರಿಕ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಹಿಂಜವಾಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ಕಿರಿಯರು ಹಲವರಿದ್ದೀರಿ, ಪ್ರದರ್ಶನ ಮುಗಿದ ಕೂಡಲೇ ನೀವು ಚರ್ಚೆಗಿಳಿದದ್ದು ಅದರ ಬಗ್ಗೆಯೇ. ತಾಣವನ್ನು ಮುಚ್ಚಿಸಲು ಏಕೆ ಆಗುವುದಿಲ್ಲ ಎಂಬುದಕ್ಕೆ ಚಿತ್ರ ಒಂದು ಕಾರಣ ಕೊಡುತ್ತದೆ. ತಾಣದ ವಿಳಾಸ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಒಂದು ಯಂತ್ರವನ್ನು ನಿಲ್ಲಿಸಿದರೆ ಅದೇ ಪುಟ ಇನ್ನೊಂದರಿಂದ ಹೊರಡುತ್ತದೆ. ಇದು ಕಟ್ಟುಕಥೆಯಲ್ಲ. ಫಾಸ್ಟ್ ಫ್ಲಕ್ಸ್ ಎಂದು ಕರೆಯುವ ಈ ತಂತ್ರವನ್ನು 2007ರಲ್ಲಿ ಸ್ಟಾರ್ಮ್ ಎಂಬ ಕುತಂತ್ರಾಂಶದ ಹಿಂದಿದ್ದವರು ಬಳಸಿದ್ದರು. ಹೆಸರು ಒಂದೇ, ಅದರ ಹಿಂದಿನ ವಿಳಾಸ ಮಾತ್ರ ಕೆಲವೇ ನಿಮಿಷಗಳಿಗೊಮ್ಮೆ ಬದಲಾಗುತ್ತದೆ, ಪ್ರತಿ ವಿಳಾಸವೂ ಸೋಂಕು ತಗುಲಿದ ಯಾರದೋ ಕಂಪ್ಯೂಟರ್. ಆದರೆ ಚಿತ್ರದ ತಾಣದ ಹೆಸರು ಡಾಟ್ ಕಾಮ್ ಎಂದು ಮುಗಿಯುತ್ತದೆ. ಡಾಟ್ ಕಾಮ್ ಹೆಸರುಗಳ ಮೂಲ ಪಟ್ಟಿಯನ್ನು ನಿರ್ವಹಿಸುವುದು ಅಮೆರಿಕದ್ದೇ ಆದ ವೆರಿಸೈನ್ ಕಂಪನಿ. ನ್ಯಾಯಾಲಯದ ಆದೇಶ ಹಿಡಿದು ಅಲ್ಲಿಗೆ ಹೋದರೆ ಹೆಸರನ್ನೇ ತಡೆಯಬಹುದು. ನಕಲಿ ಸರಕು ಮತ್ತು ಕಳ್ಳ ಸಿನಿಮಾಗಳ ತಾಣಗಳ ಮೇಲೆ ಅಮೆರಿಕದ ಅಧಿಕಾರಿಗಳು 2010ರಲ್ಲಿ ಮಾಡಿದ್ದು ಇದನ್ನೇ. ಹಾಗಾಗಿ ನಿಮ್ಮ ಆಕ್ಷೇಪ ಸರಿ.

ಆದರೂ ನನಗೆ ಈ ತಪ್ಪು ದೊಡ್ಡದೆನಿಸಲಿಲ್ಲ. ಥ್ರಿಲ್ಲರ್‌ಗೆ ಅಷ್ಟು ವಿನಾಯಿತಿ ಕೊಡೋಣ. ನನಗೆ ಬೇಸರವಾದದ್ದು ಸರಿಯಾಗಿದ್ದ ಭಾಗದ ಬಗ್ಗೆ. ಆ ಭೀಕರ ಪುಟವನ್ನು ಹೊತ್ತು ನಿಂತಿರುವ ಯಂತ್ರಗಳು ಯಾರವು? ಮಗುವಿನ ಹೋಂವರ್ಕ್, ಅಂಗಡಿಯ ಲೆಕ್ಕ, ಮದುವೆಯ ಫೋಟೋ ಇರುವ ಸಾಮಾನ್ಯ ಜನರ ಯಂತ್ರಗಳೇ ಇಂತಹ ಜಾಲದಲ್ಲಿ ಸಿಕ್ಕಿಬೀಳುವುದು. ನೋಡುತ್ತಿರುವವನ ಯಂತ್ರವೇ ತನಗೆ ತಿಳಿಯದಂತೆ ಆ ಸಾವನ್ನು ಇನ್ನೊಬ್ಬನಿಗೆ ತೋರಿಸುತ್ತಿರಬಹುದು. ಇಷ್ಟು ದೊಡ್ಡ ವಿಷಯ ಕೈಯಲ್ಲಿತ್ತು. ಚಿತ್ರ ಅದನ್ನು ಒಂದೆರಡು ವಾಕ್ಯಗಳ ಸಂಭಾಷಣೆಯಲ್ಲಿ ಮುಗಿಸಿ ಮುಂದಕ್ಕೆ ಓಡಿತು.

ನೋಡುಗರು, ಹಂಚುವವರು ಯಾರು ಎಂಬುದನ್ನು ನಾವು ಆ ಚಿತ್ರದ ಆಚೆ ಕಂಡಿದ್ದೇವೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ ಹತ್ಯಾಕಾಂಡ ನಡೆಸಿದವನು ಅದನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಆ ಕಂಪನಿಯೇ ಹೇಳಿದಂತೆ, ಪ್ರಸಾರದ ಹೊತ್ತಿನಲ್ಲಿ ನೋಡಿದವರು 200ಕ್ಕಿಂತ ಕಡಿಮೆ. ಮೊದಲ 24 ಗಂಟೆಗಳಲ್ಲಿ ತೆಗೆದುಹಾಕಿದ ಪ್ರತಿಗಳು ಮಾತ್ರ ಸುಮಾರು 15 ಲಕ್ಷ. ಲಕ್ಷ ಸಲ ಅದನ್ನು ಮತ್ತೆ ಏರಿಸಿದವರು ಕೊಲೆಗಾರರಲ್ಲ, ಮನೆಯಲ್ಲಿ ಕುಳಿತಿದ್ದವರು.

ಅಷ್ಟು ದೂರ ಹೋಗುವುದೂ ಬೇಡ. 2018ರ ಜುಲೈ 1ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಜನ ಹೊಡೆದು ಕೊಂದರು. ಸೋಲಾಪುರದ ಕಡೆಯಿಂದ ಬಂದ ಅಲೆಮಾರಿ ಸಮುದಾಯದವರು ಅವರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿ ಅವರಿಗಿಂತ ಮೊದಲೇ ಊರು ಸೇರಿತ್ತು. ಎರಡು ವಾರ ಕಳೆಯುವುದರೊಳಗೆ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಂದು. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪು ದಾರಿಯಲ್ಲಿ ಕಾರು ನಿಲ್ಲಿಸಿತ್ತು. ಅವರಲ್ಲೊಬ್ಬ ಕತಾರ್‌ನಿಂದ ಬಂದವನು, ಅಲ್ಲಿಂದ ತಂದ ಚಾಕೊಲೇಟನ್ನು ಮಕ್ಕಳಿಗೆ ಕೊಟ್ಟ. ಯಾರಿಗೋ ಅನುಮಾನ ಬಂತು, ಮಾತಿಗೆ ಮಾತು ಬೆಳೆಯಿತು, ಗೆಳೆಯರು ಹೆದರಿ ಕಾರು ಹತ್ತಿ ಹೊರಟರು. ಅವರು ಮುರ್ಕಿ ತಲುಪುವ ಮೊದಲೇ ಸಂದೇಶ ಅಲ್ಲಿಗೆ ತಲುಪಿತ್ತು, ಜನ ದಾರಿ ಕಟ್ಟಿ ಕಾದಿದ್ದರು. ಒಬ್ಬ ಯುವ ಎಂಜಿನಿಯರ್ ಅಲ್ಲಿ ಸತ್ತ. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಫಾರ್ವರ್ಡ್ ಮಾಡಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು.

ಕಾರು ಓಡುತ್ತಿದೆ, ಕಾರಿಗಿಂತ ವೇಗವಾಗಿ ಒಂದು ಸಂದೇಶ ಓಡುತ್ತಿದೆ. ಒಳಗಿರುವವರಿಗೆ ಮುಂದಿನ ಊರಿನಲ್ಲಿ ಏನು ಕಾದಿದೆ ಎಂದು ಗೊತ್ತಿಲ್ಲ, ಮುಂದಿನ ಊರಿನವರಿಗೆ ಕಾರಿನಲ್ಲಿ ಯಾರಿದ್ದಾರೆ ಎಂದು ಗೊತ್ತಿಲ್ಲ. ಆಮ್ಲ ಬೇಡ, ತೊಟ್ಟಿ ಬೇಡ, ಜಾಣ ಕೊಲೆಗಾರನೂ ಬೇಡ. ಒತ್ತಿದ ಬೆರಳುಗಳಿಂದ ಸಾವು ಹತ್ತಿರವಾಗುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಚಿತ್ರಕಥೆಗಾರ ಬರೆಯಬಲ್ಲ? ಸತ್ತವರ ಮನೆಯವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಹಾಗಾಗಿ ಇದನ್ನು ಚಿತ್ರಕ್ಕೆ ಒಳ್ಳೆಯ ಸರಕು ಎಂಬ ಹಗುರ ಅರ್ಥದಲ್ಲಿ ನಾನು ಹೇಳುತ್ತಿಲ್ಲ. ನಮ್ಮ ಕಾಲದ ಭಯ ಎಲ್ಲಿದೆ ಎಂಬುದನ್ನು ಗುರುತಿಸಲು ಹೇಳುತ್ತಿದ್ದೇನೆ.

ಚಿತ್ರದ ಇನ್ನೊಂದು ದೊಡ್ಡ ಕೊರತೆ ಅಪರಾಧಿಯದು. ಅವನು ಒಂಟಿ, ಅಪಾರ ಬುದ್ಧಿವಂತ, ಎಲ್ಲವನ್ನೂ ತಾನೇ ಜೋಡಿಸಬಲ್ಲವನು. ತಂದೆ ಆತ್ಮಹತ್ಯೆ ಮಾಡಿಕೊಂಡ ದೃಶ್ಯ ಟಿವಿಯಲ್ಲಿ ಬಂದು, ಅಂತರ್ಜಾಲದಲ್ಲಿ ಜನ ಅದನ್ನು ಮತ್ತೆ ಮತ್ತೆ ನೋಡಿದ್ದೇ ಅವನ ಸೇಡಿಗೆ ಕಾರಣ. ಕಾರಣ ಮನಮುಟ್ಟುವಂಥದ್ದೇ. ಆದರೆ ಅದನ್ನು ಹೇಳಿ ಮುಗಿಸುವ ಅವಸರದಲ್ಲಿ ಅವನನ್ನು ಒಂದು ಒಗಟಿನ ಉತ್ತರವನ್ನಾಗಿ ಮಾಡಿದ್ದಾರೆ. ನಿಜವಾದ ಅಂತರ್ಜಾಲ ಅಪರಾಧದಲ್ಲಿ ಇಂತಹ ಒಂಟಿ ಮೇಧಾವಿಗಳಿಗಿಂತ ಕೂಲಿಗೆ ದುಡಿಯುವವರೇ ಹೆಚ್ಚು.

ಈ ಊರಿನದೇ ಉದಾಹರಣೆ ತೆಗೆದುಕೊಳ್ಳಿ, ಕಾಸ್ಮಾಸ್ ಬ್ಯಾಂಕಿನ ಪ್ರಕರಣ. ನಿಮ್ಮಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು ಬಹಳ ಮಂದಿ ಇದ್ದೀರಿ, ನನಗಿಂತ ಚೆನ್ನಾಗಿ ಬಲ್ಲಿರಿ. 2018ರ ಆಗಸ್ಟ್ 11, ಶನಿವಾರ. ಎಟಿಎಂನಿಂದ ಬರುವ ಕೋರಿಕೆಗೆ ಒಪ್ಪಿಗೆ ಕೊಡುವ ವ್ಯವಸ್ಥೆಯ ಜಾಗದಲ್ಲಿ ಕಳ್ಳರು ತಮ್ಮದೇ ನಕಲಿಯನ್ನು ಕೂರಿಸಿದ್ದರು. ಖಾತೆಯಲ್ಲಿ ಹಣವಿದೆಯೇ ಎಂದು ಬ್ಯಾಂಕನ್ನು ಕೇಳದೆಯೇ ಅದು ‘ಕೊಡು’ ಎನ್ನುತ್ತಿತ್ತು. 28 ದೇಶಗಳ ಎಟಿಎಂಗಳಿಂದ ಸುಮಾರು 78 ಕೋಟಿ ರೂಪಾಯಿ, ಭಾರತದೊಳಗೆ ಸುಮಾರು ಎರಡೂವರೆ ಕೋಟಿ, ಸೋಮವಾರ ಹಾಂಗ್‌ಕಾಂಗ್‌ನ ಒಂದು ಖಾತೆಗೆ ಸುಮಾರು 14 ಕೋಟಿ, ಒಟ್ಟು 94 ಕೋಟಿಯ ಆಚೀಚೆ. ಭಾರತದೊಳಗಿನ ಹಣವನ್ನು ತೆಗೆದವರು ಯಾರು? ನಕಲಿ ಕಾರ್ಡುಗಳ ಕಟ್ಟು ಹಿಡಿದು ಕೊಲ್ಹಾಪುರದಂತಹ ಊರುಗಳಲ್ಲಿ ಎಟಿಎಂನಿಂದ ಎಟಿಎಂಗೆ ಅಲೆದವರು. 2023ರಲ್ಲಿ ಪುಣೆಯ ನ್ಯಾಯಾಲಯ 11 ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು.

ಕೊಲ್ಹಾಪುರದ ಒಂದು ಎಟಿಎಂ ಕೋಣೆಯಲ್ಲಿ ಶನಿವಾರ ಸಂಜೆ ನಿಂತಿರುವ ಒಬ್ಬನನ್ನು ಊಹಿಸಿಕೊಳ್ಳಿ. ಕೈಯಲ್ಲಿ ಹೆಸರಿಲ್ಲದ ಕಾರ್ಡುಗಳು. ಯಂತ್ರ ನೋಟು ಎಣಿಸುವ ಸದ್ದು ನಿಲ್ಲುತ್ತಿಲ್ಲ. ಹೊರಗೆ ಸಂಬಳದ ಹಣ ತೆಗೆಯಲು ಬಂದವರ ಸಾಲು ಗಾಜಿನ ಮೂಲಕ ಇವನನ್ನೇ ನೋಡುತ್ತಿದೆ, ತಲೆಯ ಮೇಲೆ ಕ್ಯಾಮೆರಾ ಇದೆ. ಸಂಚು ಹೂಡಿದವನ ಹೆಸರು ಅವನಿಗೆ ತಿಳಿಯದು, ಸಂಚಿನ ಅಳತೆಯೂ ತಿಳಿಯದು. ಸಿಕ್ಕಿಬೀಳುವವನು ಮಾತ್ರ ಅವನೇ. ಈ ಮನುಷ್ಯನ ಭಯದ ಮುಂದೆ ಪೋರ್ಟ್‌ಲ್ಯಾಂಡಿನ ಆ ಮೇಧಾವಿಯ ನೆಲಮಾಳಿಗೆ ನನಗೆ ಬರೀ ರಂಗಸಜ್ಜಿಕೆಯಾಗಿ ಕಾಣುತ್ತದೆ.

ಮುಂಬೈ ಪಕ್ಕದ ಮೀರಾ ರೋಡ್ ನೆನಪಿದೆಯೇ? 2016ರ ಅಕ್ಟೋಬರ್‌ನಲ್ಲಿ ಠಾಣೆ ಪೊಲೀಸರು ಅಲ್ಲಿನ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದಾಗ ನೂರಾರು ಹುಡುಗ ಹುಡುಗಿಯರು ಸಿಕ್ಕರು. ಅಮೆರಿಕದ ತೆರಿಗೆ ಅಧಿಕಾರಿಗಳ ಸೋಗಿನಲ್ಲಿ ಅಲ್ಲಿನ ಜನಕ್ಕೆ ಫೋನ್ ಮಾಡಿ ಹೆದರಿಸುವುದು ಅವರ ಉದ್ಯೋಗ. ಬರೆದುಕೊಟ್ಟದ್ದನ್ನು ಓದುತ್ತಿದ್ದರು, ತಿಂಗಳ ಸಂಬಳ ಪಡೆಯುತ್ತಿದ್ದರು. ಮುಂದೆ ಇದೇ ಬಗೆಯ ಕಸುಬು ನಮ್ಮ ಜನರ ಮೇಲೆ ತಿರುಗಿತು. ಅದೇ ಈಗಿನ ಡಿಜಿಟಲ್ ಅರೆಸ್ಟ್.

ಸಿನಿಮಾ ಪ್ರೀತಿಸುವವರಾಗಿ ನೀವು ಇದನ್ನು ಹತ್ತಿರದಿಂದ ಗಮನಿಸಬೇಕು, ಏಕೆಂದರೆ ಆ ಕಳ್ಳರು ಮಾಡುತ್ತಿರುವುದು ಸಿನಿಮಾವನ್ನೇ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಕರೆ ಬರುತ್ತದೆ. ಬೆಂಗಳೂರಿನಲ್ಲಿ ಕುಳಿತವರಿಗೂ ‘ಮುಂಬೈ ಪೊಲೀಸ್’ ಎಂದೇ ಹೇಳುತ್ತಾರೆ. ಆಮೇಲೆ ವಿಡಿಯೋ ಕರೆ. ಅಲ್ಲಿ ಸಮವಸ್ತ್ರವಿದೆ, ಹಿಂದೆ ಲಾಂಛನವಿದೆ, ವೈರ್‌ಲೆಸ್ ಸದ್ದಿದೆ, ಕೆಲವೊಮ್ಮೆ ನ್ಯಾಯಾಧೀಶರ ಪಾತ್ರವೂ ಬರುತ್ತದೆ. ವೇಷ, ಸೆಟ್ಟು, ಸಂಭಾಷಣೆ ಎಲ್ಲ ಸಿದ್ಧ. ಪ್ರೇಕ್ಷಕರು ಒಬ್ಬರೇ, ಅವರು ಎದ್ದು ಹೋಗುವಂತಿಲ್ಲ. ಕ್ಯಾಮೆರಾ ಆಫ್ ಮಾಡುವಂತಿಲ್ಲ, ಮಲಗುವಾಗಲೂ ಫೋನ್ ಎದುರಿಗಿರಬೇಕು, ಯಾರಿಗೂ ಹೇಳುವಂತಿಲ್ಲ. ನಮ್ಮ ಕಾನೂನಿನಲ್ಲಿ ಇಂತಹ ಬಂಧನವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ತಮ್ಮ ಬಾನುಲಿ ಭಾಷಣದಲ್ಲಿ ಇದನ್ನೇ ಹೇಳಿ ಎಚ್ಚರಿಸಬೇಕಾಯಿತು. ಅಂತಹ ಕರೆ ಬಂದರೆ, ಹಣ ಹೋದರೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈ ಸಂಖ್ಯೆಯನ್ನು ಇಲ್ಲಿರುವ ಪ್ರತಿಯೊಬ್ಬರೂ ಇಂದೇ ಬರೆದಿಟ್ಟುಕೊಳ್ಳಿ. ಹಣ ಒಂದು ಖಾತೆಯಿಂದ ಹತ್ತು ಬಾಡಿಗೆ ಖಾತೆಗಳಿಗೆ ಚದುರುವ ಮೊದಲು ತಡೆಯಲು ಇರುವ ಸಮಯ ಬಹಳ ಕಡಿಮೆ.

ನನಗೆ ಪರಿಚಯದ ಹಿರಿಯ ಹೆಂಗಸೊಬ್ಬರು ಇದಕ್ಕೆ ಸಿಕ್ಕಿದ್ದರು. ಅವರ ಒಪ್ಪಿಗೆ ಪಡೆದು ಹೇಳುತ್ತಿದ್ದೇನೆ, ಹೆಸರು ಬೇಡ. ಮೊದಲ ದಿನ ಒಂದಷ್ಟು ಹಣ ಹೋಗಿತ್ತು. ಎರಡನೆಯ ದಿನ ಠೇವಣಿ ಮುರಿಸಲು ಅವರನ್ನು ಬ್ಯಾಂಕಿಗೆ ಕಳುಹಿಸಿದರು. ಕರೆ ಚಾಲೂ ಇದ್ದ ಫೋನ್ ಕೈಚೀಲದಲ್ಲಿತ್ತು. ಕೇಳಿದರೆ ಮಗಳಿಗೆ ಮನೆ ಕೊಳ್ಳಲು ಎನ್ನಬೇಕು ಎಂದು ಬಾಯಿಪಾಠ ಮಾಡಿಸಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಅರ್ಜಿ ನೋಡಿದಳು, ಖಾತೆಯ ವಿವರ ನೋಡಿದಳು. ನಾಮಿನಿಯ ಜಾಗದಲ್ಲಿ ತಂಗಿಯ ಮಗನ ಹೆಸರಿತ್ತು. ‘ಮಗಳು ಯಾವ ಊರಿನಲ್ಲಿದ್ದಾರೆ ಆಜಿ?’ ಎಂದು ಮರಾಠಿಯಲ್ಲಿ ಕೇಳಿದಳು. ಇವರಿಗೆ ಮಕ್ಕಳಿಲ್ಲ, ಊರಿನ ಹೆಸರನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಾತು ನಿಂತಿತು. ಹುಡುಗಿ ಇವರ ಕಣ್ಣನ್ನೂ ಕೈಚೀಲವನ್ನೂ ಒಮ್ಮೆ ನೋಡಿ, ಹಣ ಕಟ್ಟುವ ಚೀಟಿಯ ಹಿಂದೆ ಏನೋ ಬರೆದು ಗಾಜಿನ ಕೆಳಗಿನಿಂದ ತಳ್ಳಿದಳು. ‘ಫೋನ್ ಚಾಲೂ ಇದೆಯೇ? ತಲೆ ಆಡಿಸಿ ಸಾಕು.’ ಆಮೇಲೆ ಗಟ್ಟಿಯಾಗಿ, ‘ಸರ್ವರ್ ನಿಧಾನ ಇದೆ ಆಜಿ, ಕುಳಿತುಕೊಳ್ಳಿ’ ಎಂದು ಕೈಚೀಲಕ್ಕೆ ಕೇಳುವಂತೆ ಹೇಳಿ ಎದ್ದು ಮ್ಯಾನೇಜರ್ ಕೋಣೆಗೆ ಹೋದಳು.

ನಾನು ಕೇಳಿದ ಥ್ರಿಲ್ಲರ್‌ಗಳಲ್ಲಿ ಇದಕ್ಕಿಂತ ಬಿಗಿಯಾದ ಐದು ನಿಮಿಷ ಇನ್ನೊಂದಿಲ್ಲ. ಇಲ್ಲಿಯೂ ಕ್ಯಾಮೆರಾ ಇದೆ, ಕಾಣದ ಕೊಲೆಗಾರನಂಥವನು ಇದ್ದಾನೆ, ಕ್ಷಣಕ್ಷಣಕ್ಕೂ ಏರುವ ಒತ್ತಡವಿದೆ. ಆದರೆ ಇಲ್ಲಿ ನೋಡಿದ ಒಬ್ಬಳಿಗೆ ಮುಖವಿದೆ.

ಕೊನೆಗೆ, ಕಳೆದ ವಾರ ಕೇಳಿದ ಪ್ರಶ್ನೆಯೊಂದಕ್ಕೆ ಉತ್ತರಿಸಬೇಕು. 2008ರ ಚಿತ್ರದ ಮೇಲೆ ಇಂದಿನ ಅನುಭವವನ್ನು ಹೇರುವುದು ನ್ಯಾಯವೇ ಎಂದು ಕೇಳಿದಿರಿ. ಆಗ ಐಫೋನ್ ಬಂದು ವರ್ಷವೂ ಆಗಿರಲಿಲ್ಲ, ವಾಟ್ಸ್‌ಆ್ಯಪ್ ಹುಟ್ಟಿರಲಿಲ್ಲ. ಅವನ್ನು ಊಹಿಸಲಿಲ್ಲ ಎಂದು ನಾನು ದೂರುತ್ತಿಲ್ಲ. ಗುಂಪು ಆಗಲೂ ಇತ್ತು, ಇಣುಕುವ ಚಪಲವೂ ಇತ್ತು, ಚಿತ್ರ ತಾನೇ ಆ ಪ್ರಶ್ನೆಯನ್ನು ಎತ್ತಿತ್ತು. ಡಯೇನ್ ಲೇನ್ ಮಾತ್ರ ತಮ್ಮ ಪಾಲನ್ನು ಪ್ರಾಮಾಣಿಕವಾಗಿ ಮಾಡಿದ್ದಾರೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ಅವಳ ದಣಿವು, ಕದ್ದ ಕಾರ್ಡುಗಳ ಜಾಡು ಹಿಡಿಯುವಾಗಿನ ಅವಳ ತಾಳ್ಮೆ, ಇವುಗಳಲ್ಲಿ ಬೇರೊಂದು ಒಳ್ಳೆಯ ಚಿತ್ರದ ಆರಂಭವಿತ್ತು. ಮುಂದಿನ ಕೊಲೆಯ ಅವಸರದಲ್ಲಿ ಅದನ್ನು ಕೈಬಿಟ್ಟರು.

ಕಿರುಚಿತ್ರ ಮಾಡಬೇಕೆಂದಿರುವ ಮೂವರು ಇಲ್ಲಿದ್ದೀರಿ. ಹ್ಯಾಕರ್ ಕಥೆ ಬರೆಯುತ್ತಿದ್ದೇವೆ, ಸರ್ವರ್ ಕೋಣೆಯ ಸೆಟ್ಟಿಗೆ ಎಷ್ಟಾಗಬಹುದು ಎಂದು ಕೇಳಿದಿರಿ. ಆ ಹಣವನ್ನು ಉಳಿಸಿ. ಬೆಳಿಗ್ಗೆ ಹನ್ನೊಂದಕ್ಕೆ ಯಾವುದಾದರೂ ಬ್ಯಾಂಕ್ ಶಾಖೆಯಲ್ಲಿ, ವಯಸ್ಸಾದವರು ಠೇವಣಿ ನವೀಕರಿಸುವ ಕೌಂಟರಿನ ಬಳಿ ಹೋಗಿ ಕುಳಿತು, ಯಾರು ಯಾರನ್ನು ಹೇಗೆ ನೋಡುತ್ತಾರೆ ಎಂದು ಗಮನಿಸಿ. ಬರೆದದ್ದನ್ನು ಮುಂದಿನ ತಿಂಗಳು ತನ್ನಿ, ಇಲ್ಲಿಯೇ ಎಲ್ಲರೂ ಕುಳಿತು ಓದೋಣ.